ಸೋಲಿನ ಕಾರಣ ಹುಡುಕಿದ ಸಿಸ್ಟರ್

ಕಳೆದ ಫೆಬ್ರವರಿಯಲ್ಲಿ ಸಿಸ್ಟರನ್ನು ಮಣ್ಣು ಮಾಡಿದ ದಿನ ಇಗರ್ಜಿಯ ಹಿಂದಿನ ಬೆಂಚುಗಳಲ್ಲಿ ಹದಿನಾಲ್ಕು ಗಂಡಸರು ಹಸಿರು ಟೋಪಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಊರಿಗೆ ಹೊಸಬರಾದ ಪಾದ್ರಿಗಳು ಪೂಜೆಯ ನಡುವೆ ಎರಡು ಮೂರು ಸಲ ಆ ಕಡೆಗೇ ನೋಡಿದರು. ಅವರೆಲ್ಲ ನಮ್ಮೂರಿನ ಬೇಸ್‌ಬಾಲ್ ತಂಡದವರು. ಪೂಜೆ ಮುಗಿದ ಮೇಲೆ ಕೋಚ್ ನನ್ನ ಹತ್ತಿರ ಬಂದು, "ನೀವು ಅವರ ಭಾಷೆಯವರು, ನಾಲ್ಕು ಮಾತಾಡಿ" ಎಂದ. ನಾನು ಎದ್ದು ನಿಂತು, ಒಳ್ಳೆಯ ನರ್ಸ್, ನೇರ ಸ್ವಭಾವದವರು, ಆಟವನ್ನು ಪ್ರೀತಿಸಿದವರು ಎಂದೆಲ್ಲ ಜರ್ಮನ್‌ನಲ್ಲಿ ಹೇಳಿ ಕೂತೆ. ಸುಳ್ಳೇನೂ ಹೇಳಲಿಲ್ಲ. ಆದರೆ ಅವರೇನಾದರೂ ಕೇಳಿಸಿಕೊಂಡಿದ್ದರೆ, "ಇಷ್ಟು ಒಳ್ಳೆಯವರು ಇರ್ಲಿಕ್ಕುಂಟಾ ಮಾರಾಯ್ರೆ? ಎಂಥದೋ ಮುಚ್ಚಿಡ್ತಿದ್ದೀರಿ" ಎಂದಿರುತ್ತಿದ್ದರು. ಮುಚ್ಚಿಟ್ಟದ್ದು ನಿಜ. ಅದನ್ನು ಇಲ್ಲಿ ಬರೆಯುತ್ತೇನೆ.

ನಮಗೆಲ್ಲ ಅವರು 'ಸಿಸ್ಟರ್'. ಮಠದ ಸಿಸ್ಟರ್ ಅಲ್ಲ. ಮಂಗಳೂರಿನ ಕಡೆ ಆಸ್ಪತ್ರೆಯ ನರ್ಸುಗಳನ್ನು ಕರೆಯುವ ಹಾಗೆ. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ, ಅವರಿಗೆ ಅದು ಹಿಡಿಸುತ್ತಿರಲಿಲ್ಲ. ಅಂಚೆಪೆಟ್ಟಿಗೆಯ ಮೇಲೂ ಒಂದಕ್ಷರ, ಒಂದು ಚುಕ್ಕೆ ಅಷ್ಟೇ ಬರೆದಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಒಂಟಿ ಹೆಂಗಸು ಇದ್ದಾಳೆ ಅಂತ ಊರಿಗೆಲ್ಲ ಹೇಳುದು ಎಂಥಕ್ಕೆ?" ಎಂದಿದ್ದರು.

ನಾವು ಜರ್ಮನಿಯ ಹೈಡೆಲ್‌ಬರ್ಗ್ ಬಿಟ್ಟು ಅದರ ದಕ್ಷಿಣಕ್ಕಿರುವ ಈ ಸಣ್ಣ ಊರಿಗೆ ಬಂದ ಹೊಸತು. ವಾಲ್‌ಡಾರ್ಫಿನ ನನ್ನ ಆಫೀಸಿಗೆ ಇಲ್ಲಿಂದ ಹತ್ತಿರ. ಒಂದು ಭಾನುವಾರ ಮೈಸೂರಿನಲ್ಲಿರುವ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತ ಊರಂಚಿನ ಮೈದಾನದ ತಂತಿಬಲೆಗೆ ಒರಗಿ ನಿಂತಿದ್ದೆ. "ಇಲ್ಲಿ ದೊಡ್ಡ ದೊಡ್ಡ ಗಂಡಸ್ರು ಅದೇನೋ ಆಡ್ತಿದಾರೆ ಕಣೋ. ಒಬ್ಬನಿಗೂ ಬ್ಯಾಟ್ ನೆಟ್ಟಗೆ ಹಿಡಿಯಕ್ಕೆ ಬರಲ್ಲ" ಎಂದೆ.

ಬಲೆಯ ಆಚೆಯಿಂದ ಒಂದು ದನಿ, "ನಿಮಗೆ ಬರ್ತದಾ?" ಎಂದಿತು.

ನೋಡಿದರೆ ಕುಳ್ಳಗಿನ ಹೆಂಗಸು. ಕತ್ತರಿಸಿದ ಬಿಳಿ ಕೂದಲಿನ ಮೇಲೆ ಹಸಿರು ಟೋಪಿ. ಎದುರಿಗೆ ಮಡಚುವ ಮೇಜು, ಅದರ ಮೇಲೆ ದಪ್ಪ ಪುಸ್ತಕ, ಚೂಪಾಗಿ ಕೆತ್ತಿದ ಮೂರು ಪೆನ್ಸಿಲ್. ನಾನು ತಬ್ಬಿಬ್ಬಾಗಿ ಕ್ಷಮೆ ಕೇಳಿದೆ. "ಕ್ಷಮೆ ಎಂಥದು, ಬನ್ನಿ ಒಳಗೆ. ಕೂತು ನೋಡಿ. ಆಮೇಲೆ ಬೈಯಿರಿ" ಎಂದರು. ಆ ದಿನ ಒಳಗೆ ಹೋದವನು ಆರು ವರ್ಷ ಹೋಗುತ್ತಲೇ ಇದ್ದೆ.

ಈ ಭಾಗದಲ್ಲಿ ಅಮೆರಿಕದ ಸೈನ್ಯ ಬಹಳ ಕಾಲ ಬೀಡು ಬಿಟ್ಟಿತ್ತು. ಸೈನಿಕರು ಹೋದರು, ಆಟ ಉಳಿಯಿತು. ಸಿಸ್ಟರಿಗೂ ಅದು ಅವರಿಂದಲೇ ಬಂದದ್ದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇನ್ನೂ ನಾಲ್ವರು ಹುಡುಗಿಯರ ಜೊತೆ ನರ್ಸಿಂಗ್ ಕಲಿಯಲು ಮಂಗಳೂರಿನಿಂದ ಬಂದವರು, ಕೆಲವು ವರ್ಷಗಳ ಮೇಲೆ ಸೈನ್ಯದ ಆಸ್ಪತ್ರೆಯಲ್ಲಿ ಕೆಲಸ ಹಿಡಿದರು. ಅವರ ವಾರ್ಡಿನ ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಕಾಲು ಮುರಿದು ಮಲಗಿದ್ದ ಒಬ್ಬ ಸಾರ್ಜೆಂಟ್ ಮಂಚವನ್ನು ಕಿಟಕಿಯ ಹತ್ತಿರ ತಳ್ಳಿಸಿಕೊಂಡು ಶನಿವಾರದ ಆಟದ ಸ್ಕೋರನ್ನು ಚೌಕಗಳ ಪುಸ್ತಕದಲ್ಲಿ ಬರೆಯುತ್ತಿದ್ದನಂತೆ. ಮದ್ದಿನ ಮಂಪರಿನಲ್ಲಿ ಅವನು ನಿದ್ದೆ ಹೋದಾಗ ಇವರು ಅವನ ಚೌಕಗಳನ್ನು ತುಂಬಿದರು. "ಟೆಂಪರೇಚರ್ ಚಾರ್ಟ್ ಬರೆಯುವವಳಿಗೆ ಅದೆಂಥ ಕಷ್ಟ?" ಎನ್ನುತ್ತಿದ್ದರು. ಕೊನೆಗೆ ನಮ್ಮೂರಿನ ತಂಡದ ಸ್ಕೋರ್ ಬರೆಯುವ ಕೆಲಸವೂ ಅವರದೇ ಆಯಿತು. ಆ ಸಾರ್ಜೆಂಟನ ಬಗ್ಗೆ ನನ್ನ ಹೆಂಡತಿ ರಶ್ಮಿ ಒಮ್ಮೆ ಮೆಲ್ಲಗೆ ಕೆದಕಿದಳು. ಸಿಸ್ಟರ್ ಮೀನಿನ ಮುಳ್ಳು ಬಿಡಿಸುತ್ತ, "ಅವನ ಕಾಲು ಸರಿಯಾಯ್ತು, ಊರಿಗೆ ಹೋದ" ಎಂದು ಮಾತು ಮುಗಿಸಿದರು.

ಅವರಿಗೆ ಎಲ್ಲದರ ಮೇಲೂ ಅನುಮಾನ. ಬೇಕರಿಯವಳು "ಇವತ್ತಿನ ಬ್ರೆಡ್ಡು" ಎಂದರೆ ಹೆಬ್ಬೆರಳಿನಿಂದ ಒತ್ತಿ ನೋಡುವರು. ಔಷಧಿಯಂಗಡಿಯಲ್ಲಿ ಕೊಟ್ಟ ಮಾತ್ರೆಗಳನ್ನು ಅಲ್ಲೇ ನಿಂತು ಎಣಿಸುವರು, ಹಿಂದೆ ಎಷ್ಟು ಜನ ಸಾಲಿನಲ್ಲಿದ್ದರೂ ಸರಿ. ಮನೆಗೆ ಬಂದ ಪ್ಲಂಬರ್ "ಎಲ್ಲ ಸರಿಯಾಗಿದೆ" ಎಂದರೆ, "ಹಾಗಾದ್ರೆ ನೀವು ಹತ್ತು ನಿಮಿಷ ಕೂತಿರಿ, ನೋಡುವ" ಎಂದು ಕಾಫಿ ಕೊಟ್ಟು ಕೂರಿಸುವರು. ಮೊದಲ ಸಲ ನಮ್ಮ ಮನೆಗೆ ಬಂದಾಗ ರಶ್ಮಿ, "ಚೆನ್ನಾಗಿದೀವಿ ಸಿಸ್ಟರ್" ಎಂದಳು. "ಯಾರು ಹೇಳಿದ್ದು?" ಎಂದವರೇ ಬಾಗಿಲಲ್ಲೇ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ರಕ್ತ ಪರೀಕ್ಷೆ ಮಾಡಿಸಿ, ನಾಳೆಯೇ." ಮಾಡಿಸಿದೆವು. ರಕ್ತ ತೀರಾ ಕಡಿಮೆಯಿತ್ತು. ಇನ್ನೂ ತಿಂಗಳು ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರ್ ಹೇಳಿದರು. "ರೋಗಿ ಹೇಳಿದ್ದನ್ನೆಲ್ಲ ನಂಬಿದ್ರೆ ನರ್ಸ್ ಆಗ್ಲಿಕ್ಕೆ ಆಗುದಿಲ್ಲ" ಎನ್ನುವುದು ಅವರ ಮಾತು. ಆ ಅನುಮಾನದಿಂದ ಬದುಕಿದವರು ಎಷ್ಟು ಜನವೋ.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ನಮ್ಮ ತಂಡ ಸೋಲತೊಡಗಿತು.

ತಂಡಕ್ಕೆ ಸೋಲು ಹೊಸತಲ್ಲ. ಆದರೆ ಈ ಸಲದ್ದು ನಿಲ್ಲಲೇ ಇಲ್ಲ. ಒಂದಾದ ಮೇಲೊಂದು ಐದು, ಆರು, ಏಳು ಪಂದ್ಯ. ಸೋತ ಭಾನುವಾರ ಸಿಸ್ಟರ್ ಮೇಜು ಮಡಚಿ ಮೈದಾನಕ್ಕೆ ಎರಡು ಸುತ್ತು ಹಾಕಿ ಮನೆಗೆ ಹೋಗುವರು. ಸೋಮವಾರ ನನ್ನ ಆಫೀಸಿಗೆ ಫೋನು. "ನಿನ್ನೆ ಐದನೇ ಇನ್ನಿಂಗ್ಸಲ್ಲಿ ಅವರ ಮೂರನೆಯವ ಬ್ಯಾಟ್ ಬೀಸ್ಲೇ ಇಲ್ಲ ಯಾಕೆ? ಚೆಂದದ ಬಾಲು ಮಾರಾಯ್ರೆ, ಯಾರಾದ್ರೂ ಮೋಸ ಹೋಗುವಂಥದು." ನಾನು ಮೀಟಿಂಗಿನಲ್ಲಿರುತ್ತಿದ್ದೆ, ಹ್ಞೂಂ ಎನ್ನುತ್ತಿದ್ದೆ. ಪಂದ್ಯದ ನಡುವೆ ಪೆನ್ಸಿಲ್ ಮುರಿಯುವ ಸದ್ದು ಕೇಳಿಸತೊಡಗಿತು. ತಂಡಕ್ಕಾಗಿ ಪ್ರಾರ್ಥನೆ ಮಾಡಿ ಎಂದು ರಶ್ಮಿ ಸಲಹೆ ಕೊಟ್ಟರೆ, "ಆಚೆ ಟೀಮಿನವರೂ ಅದೇ ದೇವರ ಹತ್ತಿರ ಹೋಗ್ತಾರೆ. ಅಲ್ಲಿ ಎಂಥ ಹೇಳ್ಲಿಕ್ಕಾಗ್ತದೆ?" ಎಂದರು.

ಎಂಟನೆಯ ಸೋಲಿನ ಮೇಲೆ ನನ್ನನ್ನು ಮನೆಗೆ ಕರೆಸಿದರು. ಅಡುಗೆಮನೆಯ ಮೇಜಿನ ತುಂಬ ಹಳೆಯ ಸ್ಕೋರ್ ಪುಸ್ತಕಗಳು.

ಇಲ್ಲಿ ಆಟದ ಒಂದು ವಿಷಯ ಹೇಳಬೇಕು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು ಪಿಚರ್. ಬ್ಯಾಟಿನವನ ಹಿಂದೆ, ನಮ್ಮ ವಿಕೆಟ್ ಕೀಪರಿನ ಹಾಗೆ ಕುಕ್ಕರುಗಾಲಲ್ಲಿ ಕೂರುವವನು ಕ್ಯಾಚರ್. ಮುಂದಿನ ಚೆಂಡು ನೇರವಾಗಿ ವೇಗದಲ್ಲಿ ಬರಬೇಕೋ ತಿರುವಿನಲ್ಲಿ ಬರಬೇಕೋ ಎಂದು ಕ್ಯಾಚರ್ ತೊಡೆಗಳ ನಡುವೆ ಬೆರಳು ತೋರಿಸಿ ಪಿಚರಿಗೆ ಹೇಳುತ್ತಾನೆ. ಬ್ಯಾಟಿನವನಿಗೆ ಅದು ಕಾಣಬಾರದು. ಕಂಡರೆ ಆಟವೇ ಮುಗಿಯಿತು.

"ನೋಡಿ ಇಲ್ಲಿ" ಎಂದು ಸಿಸ್ಟರ್ ಚೌಕಗಳ ಮೇಲೆ ಬೆರಳಿಟ್ಟರು. "ತಿರುವಿನ ಬಾಲಿಗೆ ಇವರು ಯಾರೂ ಮೋಸ ಹೋಗುದಿಲ್ಲ. ಮೊದಲೇ ಗೊತ್ತುಂಟು ಇವರಿಗೆ. ನಮ್ಮೊಳಗಿನವರು ಯಾರೋ ಹೇಳ್ತಾರೆ."

"ಯಾರ್ ಹೇಳ್ತಾರೆ ಸಿಸ್ಟರ್? ಇದೇನು ವರ್ಲ್ಡ್ ಕಪ್ಪಾ?"

"ಅದೇ ನಾನು ಯೋಚನೆ ಮಾಡುದು."

ಮೊದಲು ಅಂಪೈರ್ ಮೇಲೆ ಕಣ್ಣಿಟ್ಟರು. ಪ್ರತಿ ವಾರ ಬೇರೆ ಬೇರೆ ಅಂಪೈರ್ ಬರುವುದರಿಂದ ಬಿಟ್ಟರು. ಬಲೆಯ ಹತ್ತಿರ ಸಾಸೇಜ್ ಸುಡುವ ಮುದುಕನ ಮೇಲೆ ಎರಡು ವಾರ. ಅವನು ಇಕ್ಕಳವನ್ನು ಬಲಗೈಯಲ್ಲಿ ಹಿಡಿದರೆ ಒಂದು, ಎಡಗೈಯಲ್ಲಿ ಹಿಡಿದರೆ ಇನ್ನೊಂದು ಎಂದು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿದರು. ಎರಡೂ ತಾಳೆಯಾಗಲಿಲ್ಲ. ಕೊನೆಗೆ ಕ್ಯಾಚರ್ ಯೆನ್ಸ್ ಮೇಲೆ ಬಂದು ನಿಂತರು. ಮೂವತ್ತೈದರ ಗಟ್ಟಿ ಆಳು, ಮನೆಗಳಿಗೆ ಹೆಂಚು ಹೊದಿಸುವ ಕೆಲಸದವನು, ಮಾತು ಕಡಿಮೆ. ಅದಕ್ಕೆ ಎರಡು ವರ್ಷ ಮೊದಲು ನದಿಯಾಚೆಯ ಊರಿನ ತಂಡ ಬಿಟ್ಟು ನಮ್ಮಲ್ಲಿಗೆ ಬಂದವನು. "ಅಲ್ಲಿ ಚೆಂದ ಇತ್ತಲ್ಲ, ಬಿಟ್ಟದ್ದು ಎಂಥಕ್ಕೆ?" ಎಂದು ಸಿಸ್ಟರ್ ನನ್ನನ್ನು ಕೇಳಿದರು. ಮದುವೆಯಾಗಿ ಈ ಊರಿಗೆ ಬಂದದ್ದಕ್ಕೆ ಎಂದು ಇಡೀ ಊರಿಗೆ ಗೊತ್ತಿತ್ತು.

ಆಮೇಲೊಂದು ದಿನ ಸುಮ್ಮನೆ ಎಂಬಂತೆ ಕೇಳಿದರು. "ನಿಮ್ಮ ಕಾರಲ್ಲಿ ಆಫೀಸಿಗೆ ಯಾರು ಬರುದು?"

"ಚೇತನ್ ಅಂತ. ಬೆಂಗಳೂರಿನವನು."

"ಅವ ನದಿಯಾಚೆಯ ಟೀಮಲ್ಲಿ ಆಡುವವ ಅಲ್ವಾ?"

ಹೌದು. ಚೇತನ್ ಕಾಲೇಜಿನಲ್ಲಿ ಕ್ರಿಕೆಟ್ ಆಡಿದವನು. ಇಲ್ಲಿ ಕ್ರಿಕೆಟ್ ಸಿಗದೆ ಬೇಸ್‌ಬಾಲಿಗೆ ಸೇರಿದ್ದ. ನಾನು ನಕ್ಕೆ. ಸಿಸ್ಟರ್ ನಗಲಿಲ್ಲ. ಅಲ್ಲಿಯವರೆಗೆ ಸ್ಕೋರ್ ಪುಸ್ತಕವನ್ನು ಪ್ರತಿವಾರ ನನಗೆ ಕೊಡುತ್ತಿದ್ದರು, ನಾನು ಲ್ಯಾಪ್‌ಟಾಪಿಗೆ ಹಾಕಿಕೊಡುತ್ತಿದ್ದೆ. ಆ ವಾರದಿಂದ ಪುಸ್ತಕ ಬರಲಿಲ್ಲ. ಕೇಳಿದರೆ, "ಕಣ್ಣು ನೋಯ್ತದೆ, ಇನ್ನೂ ಬರೆದಾಗಿಲ್ಲ" ಎಂದರು. ಕಣ್ಣಿಗೂ ಪುಸ್ತಕ ಕೊಡುವುದಕ್ಕೂ ಏನು ಸಂಬಂಧ? ನಾನು ಅವರ ಮನೆಗೆ ಹೋದಾಗ ಮೇಜಿನ ಮೇಲಿನ ಕಾಗದಗಳು ಮಗುಚಿಕೊಂಡಿರುತ್ತಿದ್ದವು. ಮಾತಿನ ನಡುವೆ ತಲೆಯೆತ್ತಿ ನೋಡಿದರೆ ಅವರು ನನ್ನ ಕೈಬೆರಳುಗಳನ್ನು ನೋಡುತ್ತಿರುವರು. ನಾನೂ ಅವರನ್ನು ಅನುಮಾನದಿಂದ ಗಮನಿಸತೊಡಗಿದೆ.

ಆದ್ದರಿಂದಲೇ, ಒಂದು ಮಂಗಳವಾರ ಅವರು ಬಂಗುಡೆ ಸಾರು ಬಡಿಸಿ, ದನಿ ತಗ್ಗಿಸಿ, "ಈ ಭಾನುವಾರ ನಮ್ಮ ಎಡಗೈಯವ ಪಿಚ್ ಮಾಡ್ತಾನೆ. ಕೋಚ್ ಹೇಳಿದ್ದು. ಯಾರ ಹತ್ರವೂ ಹೇಳ್ಬೇಡಿ" ಎಂದಾಗ ನನಗೆ ಖುಷಿಯಾಯಿತು. ಮತ್ತೆ ನಂಬಿದರಲ್ಲ ಎಂದುಕೊಂಡೆ. ಭಾನುವಾರದ ಪಂದ್ಯ ನದಿಯಾಚೆಯವರ ಮೇಲೆಯೇ ಇತ್ತು.

ಗುರುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಶ್ಟೌ, ಅಂದರೆ ಟ್ರಾಫಿಕ್ ಜಾಮ್. ಕಾರುಗಳು ಇರುವೆಯಂತೆ ಸರಿಯುತ್ತಿದ್ದವು. ಪಕ್ಕದಲ್ಲಿದ್ದ ಚೇತನ್ ಮೊಬೈಲ್ ನೋಡುತ್ತ, "ಏನ್ ಗುರು, ಈ ಭಾನುವಾರಾನೂ ಸೋತ್ಕೊಳ್ಳೋಕೆ ರೆಡಿನಾ?" ಎಂದು ಕೆಣಕಿದ. ನನಗೆ ಉರಿಯಿತು. "ಈ ಸಲ ಲೆಫ್ಟಿ ಬರ್ತಿದಾನೆ ಮಗಾ, ನೋಡ್ಕೋ" ಎಂದುಬಿಟ್ಟೆ. ಅಷ್ಟೇ. ಅವನು "ಓಹೋ" ಎಂದ. ಕಾರು ಮುಂದೆ ಸರಿಯಿತು. ನಾವು ಬೇರೆ ಮಾತಿಗೆ ಹೋದೆವು.

ಭಾನುವಾರ ಪಂದ್ಯಕ್ಕೆ ಮೊದಲು ಎದುರಾಳಿಗಳ ಆಟಗಾರರ ಪಟ್ಟಿ ಸಿಸ್ಟರಿನ ಮೇಜಿಗೆ ಬಂತು. ಎಡಗೈ ಪಿಚರ್ ಇದ್ದರೆ ಅವನನ್ನು ಎದುರಿಸಲು ಬಲಗೈ ಬ್ಯಾಟಿನವರು ಬೇಕು. ಪಟ್ಟಿಯಲ್ಲಿ ಎಲ್ಲರೂ ಬಲಗೈಯವರು. ಅವರ ಅತ್ಯುತ್ತಮ ಆಟಗಾರ, ಎಡಗೈ ಬ್ಯಾಟಿನವನು, ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಉಗಿಯುತ್ತಿದ್ದ. ನಮ್ಮ ಕಡೆಯಿಂದ ಪಿಚ್ ಮಾಡಲು ಮೈದಾನಕ್ಕೆ ಇಳಿದವನು ಎಂದಿನ ಬಲಗೈಯವನೇ. ಎಡಗೈಯವನ ಸುದ್ದಿ ಸುಳ್ಳು. ಕೋಚ್ ಮತ್ತು ಸಿಸ್ಟರ್ ಸೇರಿ ಅದನ್ನು ಇಬ್ಬರಿಗೆ ಮಾತ್ರ ಹೇಳಿದ್ದರು. ಒಬ್ಬ ಯೆನ್ಸ್, ಇನ್ನೊಬ್ಬ ನಾನು.

ಸಿಸ್ಟರ್ ಪಟ್ಟಿಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿ ನನ್ನ ಕಡೆ ತಿರುಗಿದರು. "ನೀವು ಹೇಳಿದ್ರಾ?"

"ಇಲ್ಲ ಸಿಸ್ಟರ್" ಎಂದೆ.

ಯೋಚನೆ ಮಾಡಿ ಹೇಳಿದ್ದಲ್ಲ. ಬಾಯಿಗೆ ಅದೇ ಬಂತು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ರಶ್ಮಿಯ ಕಣ್ಣಿನ ರೆಪ್ಪೆ ಎಳೆದು ನೋಡಿದಷ್ಟೇ ಹತ್ತಿರದಿಂದ. ಆಮೇಲೆ, "ಸರಿ" ಎಂದು ಪೆನ್ಸಿಲ್ ಎತ್ತಿಕೊಂಡರು. ಆ ಪಂದ್ಯವನ್ನೂ ಸೋತೆವು.

ಬುಧವಾರ ಕ್ಲಬ್ಬಿನ ಮನೆಯಲ್ಲಿ ಸಭೆ. ಉದ್ದ ಮೇಜಿನ ಸುತ್ತ ಹತ್ತು ಹನ್ನೆರಡು ಜನ. ಸಿಸ್ಟರ್ ಎದ್ದು ನಿಂತು, ಸುದ್ದಿ ಹೇಗೆ ಹರಡಿಸಿದರು, ಪಟ್ಟಿಯಲ್ಲಿ ಏನು ಬಂತು ಎಂದು ವಾರ್ಡಿನ ವರದಿ ಓದುವ ಹಾಗೆ ಓದಿದರು. ಕೊನೆಗೆ, "ಗೊತ್ತಿದ್ದವರು ಇಬ್ಬರು. ಒಬ್ಬರನ್ನು ನಾನು ಕೇಳಿದ್ದೇನೆ. ಅವರು ಅಲ್ಲ" ಎಂದರು. ಎಲ್ಲರೂ ಯೆನ್ಸ್ ಕಡೆ ನೋಡಿದರು.

ಅವನು ಕೂಗಾಡಲಿಲ್ಲ. ಕಿವಿ ಕೆಂಪಾಯಿತು. "ನಾನು ಹೇಳಿಲ್ಲ" ಎಂದ. ಬ್ಯಾಗಿನಿಂದ ಕ್ಯಾಚರಿನ ಮುಖಕವಚ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ. ಅದು ಕ್ಲಬ್ಬಿನದೂ ಅಲ್ಲ, ಅವನದೇ. ನಾನು ಅವನ ಎದುರು ಕುರ್ಚಿಯಲ್ಲಿ ಕೂತಿದ್ದೆ. ಬಾಯಿ ಬಿಡಲು ಬೇಕಾದಷ್ಟು ಹೊತ್ತು ಇತ್ತು.

ಮನೆಗೆ ಬಂದು ರಶ್ಮಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. "ಆ ಮನುಷ್ಯ ನಿಮಗೇನ್ ಮಾಡಿದಾನ್ರೀ?"

"ನಾಳೆ ಹೇಳ್ತೀನಿ ಸಿಸ್ಟರಿಗೆ."

ನಾಳೆ ಹೇಳಲಿಲ್ಲ. ಆ ಬೇಸಿಗೆಯಲ್ಲಿ ಎಲ್ಲರ ಮೇಲೂ ಅನುಮಾನ ಪಡುತ್ತಿದ್ದವರು ನನ್ನೊಬ್ಬನನ್ನು ನಂಬಿದ್ದರು. ಅದನ್ನು ಕಳೆದುಕೊಳ್ಳಲು ಧೈರ್ಯ ಬರಲಿಲ್ಲ. ಚೇತನ್ ಮೇಲೆ ಸಿಟ್ಟು ಮಾಡಿಕೊಂಡು ಒಂದು ವಾರ ಒಬ್ಬನೇ ಕಾರಿನಲ್ಲಿ ಹೋದೆ. "ನಮ್ ಕೋಚ್‌ಗೆ ಮಾತಲ್ಲಿ ಹೇಳ್ಬಿಟ್ಟೆ ಗುರು, ಇಷ್ಟು ಸೀರಿಯಸ್ ಅಂತ ನಂಗೇನ್ ಗೊತ್ತು?" ಎಂದು ಅವನು ಮೆಸೇಜ್ ಮಾಡಿದ. ಅವನದೇನು ತಪ್ಪು?

ಯೆನ್ಸ್ ಇಲ್ಲದೆ ಎರಡು ಪಂದ್ಯ ಆಡಿದೆವು. ಎರಡನ್ನೂ ಸೋತೆವು.

ಎರಡನೆಯದು ಮುಗಿದಾಗ ಸಿಸ್ಟರ್ ಮೇಜು ಮಡಚಲಿಲ್ಲ, ಸುತ್ತೂ ಹಾಕಲಿಲ್ಲ. ಕೂತಲ್ಲೇ ಕೂತು, "ಕಳ್ಳ ಮನೆಯಲ್ಲಿಲ್ಲ, ಕಳವು ನಿಂತಿಲ್ಲ. ಇದೆಂಥ ಕತೆ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮತ್ತೊಂದು ಮಾತು ಹೊಳೆಯಿತು. "ಆವತ್ತು ಅವರಿಗೆ ಹೋದದ್ದು ತಪ್ಪು ಸುದ್ದಿ. ತಪ್ಪು ಸುದ್ದಿ ನಂಬಿ ತಪ್ಪು ಆಟಗಾರರನ್ನು ಇಳಿಸಿದ್ರು. ಹಾಗಿದ್ರೂ ನಮ್ಮನ್ನು ಹೊಡೆದು ಹಾಕಿದ್ರಲ್ಲ? ಹಾಗಾದ್ರೆ ಅವರಿಗೆ ಗೊತ್ತಾಗುದು ಬೇರೆ ಎಲ್ಲಿಂದಲೋ."

ಶುಕ್ರವಾರ ಸಂಜೆ ಅಭ್ಯಾಸದ ವೇಳೆಗೆ ಬರಲು ನನಗೆ ಹೇಳಿದರು. ನಾನು ಹೋಗುವ ಹೊತ್ತಿಗೆ ಅವರು ಕೋಚಿನ ಜೊತೆ ವಾದ ಮುಗಿಸಿ, ಬಿಳಿ ಕೂದಲಿನ ಮೇಲೆ ಯಾರದ್ದೋ ದೊಡ್ಡ ಹೆಲ್ಮೆಟ್ ಹಾಕಿಕೊಂಡು, ಬ್ಯಾಟಿನವನು ನಿಲ್ಲುವ ಜಾಗದಿಂದ ಒಂದು ಹೆಜ್ಜೆ ಹಿಂದೆ ನಿಂತಿದ್ದರು. ಎಪ್ಪತ್ತಮೂರು ವರ್ಷ. ಕೈಯಲ್ಲಿ ಬ್ಯಾಟಿಲ್ಲ, ತಪಾಸಣೆಗೆ ಬಂದವರಂತೆ ಕೈ ಹಿಂದೆ ಕಟ್ಟಿಕೊಂಡಿದ್ದರು. ನಮ್ಮ ಬಲಗೈ ಪಿಚರಿಗೆ ಎಂದಿನಂತೆ ಎಸೆಯಲು ಹೇಳಿದರು. ಐದಾರು ಚೆಂಡು ಸುಮ್ಮನೆ ನೋಡಿದರು. ಆಮೇಲೆ ಅವನು ತೋಳು ಎತ್ತುವ ಮೊದಲೇ ಜರ್ಮನ್‌ನಲ್ಲಿ ಜೋರಾಗಿ ಹೇಳತೊಡಗಿದರು. "ನೇರ." ನೇರವಾಗಿಯೇ ಬಂತು. "ತಿರುವು." ತಿರುಗಿತು. "ತಿರುವು. ನೇರ. ತಿರುವು." ಹತ್ತರಲ್ಲಿ ಹತ್ತೂ ಸರಿ. ಬೇಲಿಯ ಹತ್ತಿರ ಹರಟುತ್ತಿದ್ದ ಆಟಗಾರರು ಒಬ್ಬೊಬ್ಬರೇ ಬಂದು ನಿಂತರು. ಪಿಚರಿನ ಮುಖ ಬಿಳಿಚಿಕೊಂಡಿತು.

"ನಿನ್ನ ಗ್ಲೌಸ್" ಎಂದರು ಸಿಸ್ಟರ್. ಪಿಚರ್ ಚೆಂಡನ್ನು ಇನ್ನೊಂದು ಕೈಯ ಗ್ಲೌಸಿನೊಳಗೆ ಮರೆಮಾಡಿ ಹಿಡಿಯುತ್ತಾನೆ. ತಿರುವಿನ ಚೆಂಡಿಗೆ ಬೆರಳು ಹೊಂದಿಸಿಕೊಳ್ಳುವಾಗ ಇವನ ಗ್ಲೌಸಿನ ಬಾಯಿ ಸ್ವಲ್ಪ ಅಗಲವಾಗುತ್ತಿತ್ತು. ಅಷ್ಟೇ. ಲೀಗಿನ ಎಲ್ಲ ತಂಡಗಳಿಗೂ ಅದು ಕಂಡಿತ್ತು, ನಮಗೆ ಮಾತ್ರ ಕಂಡಿರಲಿಲ್ಲ. ನಮ್ಮವರು ಅವನ ಎದುರು ಬ್ಯಾಟ್ ಹಿಡಿಯುವುದು ಅಭ್ಯಾಸದಲ್ಲಿ ಮಾತ್ರ. ಅಲ್ಲಿ ಅವನು ಬರೀ ನೇರ ಎಸೆಯುತ್ತಿದ್ದ. ಯಾವ ಚೆಂಡು ಬರುತ್ತದೆಂದು ಮೊದಲೇ ಗೊತ್ತಿರುವ ಕ್ಯಾಚರ್ ಗ್ಲೌಸನ್ನು ನೋಡುವುದಿಲ್ಲ. ಸಿಸ್ಟರ್ ಅವನ ಎದುರಿಗೇ ಕೂತಿದ್ದರೂ ಅವನು ಚೆಂಡು ಹಿಡಿಯುವ ಹೊತ್ತಿಗೆ ಅವರ ಕಣ್ಣು ಪುಸ್ತಕದಲ್ಲಿರುತ್ತಿತ್ತು, ಹಿಂದಿನ ಚೆಂಡನ್ನು ಬರೆಯುತ್ತ.

ಯಾರೋ ಚಪ್ಪಾಳೆ ತಟ್ಟಿದರು. ಸಿಸ್ಟರಿಗೆ ಅದು ಬೇಕಿರಲಿಲ್ಲ. ಹೆಲ್ಮೆಟ್ ತೆಗೆದು ಕೋಚಿನ ಕೈಗೆ ಕೊಟ್ಟು ನನ್ನ ಜೊತೆ ಹೊರಟರು. ದ್ರಾಕ್ಷಿತೋಟದ ಬದಿಯ ದಾರಿಯಲ್ಲಿ ಸ್ವಲ್ಪ ದೂರ ನಡೆದ ಮೇಲೆ ನಿಂತರು. "ಒಂದು ಉಳಿಯಿತಲ್ಲ. ಎಡಗೈಯವನ ಸುದ್ದಿ. ಅದು ಗ್ಲೌಸಿನಿಂದ ಹೋದದ್ದಲ್ಲ."

"ನಾನೇ ಹೇಳಿದ್ದು ಸಿಸ್ಟರ್" ಎಂದೆ. "ಕಾರಲ್ಲಿ. ಚೇತನ್‌ಗೆ. ಬೇಕು ಅಂತ ಅಲ್ಲ, ಬಾಯ್ತಪ್ಪಿ. ಆದ್ರೆ ನೀವು ಕೇಳ್ದಾಗ ಸುಳ್ಳು ಹೇಳಿದ್ದು ಬಾಯ್ತಪ್ಪಿ ಅಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ದಾರಿಯ ಬದಿಯ ಕಲ್ಲಿನ ಮೇಲೆ ಕೂತರು. "ನನಗೆ ಅನುಮಾನ ಇತ್ತು" ಎಂದರು. "ಮುಖ ನೋಡಿದಾಗಲೇ ಇತ್ತು. ಆದ್ರೆ ನೀವು ಕನ್ನಡದಲ್ಲಿ ಇಲ್ಲ ಅಂದ್ರಿ. ಜರ್ಮನ್‌ನಲ್ಲಿ ಹೇಳಿದ್ದಿದ್ರೆ ನಾನು ನಂಬ್ತಿರ್ಲಿಲ್ಲ. ಐವತ್ತು ವರ್ಷ ಆಯ್ತು ಬಂದು. ಸಿಸ್ಟರ್ ಅಂತ ಕರೆದು ಯಾರೂ ನನಗೆ ಸುಳ್ಳು ಹೇಳಿರ್ಲಿಲ್ಲ."

ಅವರನ್ನು ಮನೆಯ ಬಾಗಿಲವರೆಗೆ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೇ ನಮ್ಮ ಮನೆಯ ಬೆಲ್ ಒತ್ತಿದರು. ಇಗರ್ಜಿಗೆ ಹೋಗುವ ನೀಲಿ ಕೋಟು ಹಾಕಿದ್ದರು. "ಹೊರಡಿ" ಎಂದರು. ಪಕ್ಕದ ಬೀದಿಯಲ್ಲಿ ಯೆನ್ಸ್ ತನ್ನ ಮಾವನ ಮನೆಯ ಮಾಡಿಗೆ ಹೊಸ ಹೆಂಚು ಹೊದಿಸುತ್ತಿದ್ದ. ನಮ್ಮನ್ನು ಕಂಡರೂ ಕೆಲಸ ನಿಲ್ಲಿಸಲಿಲ್ಲ. ಸಿಸ್ಟರ್ ಏಣಿಯ ಬುಡದಲ್ಲಿ ನಿಂತು ಕೂಗಿ ಕರೆಯಲೂ ಇಲ್ಲ, ಕಾದರು. ಬಿಸಿಲೇರಿತು. ಅವನ ಮಾವ ತಂದಿಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಒಂದೂವರೆ ಗಂಟೆಯ ಮೇಲೆ ಯೆನ್ಸ್ ಇಳಿದು ಬಂದು ಕೈ ಒರೆಸಿಕೊಳ್ಳುತ್ತ ನಿಂತ.

"ನಾನು ನಿನ್ನ ಮೇಲೆ ತಪ್ಪು ಹೊರಿಸಿದೆ" ಎಂದರು ಸಿಸ್ಟರ್. "ಪುರಾವೆ ಅರ್ಧ ಇತ್ತು. ಅರ್ಧ ಪುರಾವೆಯಲ್ಲಿ ಮದ್ದು ಕೊಟ್ಟೆ. ನಲವತ್ತು ವರ್ಷ ನರ್ಸ್ ಆಗಿದ್ದವಳು ಮಾಡುವ ಕೆಲಸ ಅಲ್ಲ ಅದು. ಬುಧವಾರ ಎಲ್ಲರ ಎದುರು ಹೇಳ್ತೇನೆ. ಮೊದಲು ನಿನಗೆ ಹೇಳ್ಬೇಕು ಅಂತ ಬಂದೆ."

ಆಮೇಲೆ ನಾನು ನನ್ನ ಪಾಲಿನದು ಹೇಳಿದೆ. ಯೆನ್ಸ್ ನನ್ನನ್ನು ನೋಡಿದ. "ಸಭೆಯಲ್ಲಿ ನೀನು ನನ್ನ ಎದುರೇ ಕೂತಿದ್ದೆ" ಎಂದ. ಅಷ್ಟೇ ಹೇಳಿದ್ದು. ಸಿಸ್ಟರಿನ ಕೈ ಕುಲುಕಿದ. ನನ್ನದನ್ನು ಕುಲುಕಲಿಲ್ಲ.

ಬುಧವಾರದ ಸಭೆಯಲ್ಲಿ ಇಬ್ಬರೂ ಹೇಳಿದೆವು. ಸಿಸ್ಟರ್ ಸ್ಕೋರಿನ ಕೆಲಸ ಬಿಡುತ್ತೇನೆಂದರು, ಕೋಚ್ ಒಪ್ಪಲಿಲ್ಲ. ಪಿಚರ್ ಗ್ಲೌಸಿನ ಬಾಯಿ ಮುಚ್ಚುವುದನ್ನು ಕಲಿತ. ಕೊನೆಯ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದೆವು, ಆದರೂ ತಂಡ ಕೆಳಗಿನ ಲೀಗಿಗೆ ಇಳಿಯಿತು. ಯೆನ್ಸ್ ಆ ವರ್ಷ ಮತ್ತೆ ಆಡಲಿಲ್ಲ. ಮುಂದಿನ ವಸಂತದಲ್ಲಿ, ಸಿಸ್ಟರ್ ನಾಲ್ಕು ಸಲ ಅವನ ಮನೆಗೆ ಹೋಗಿ ಬಂದ ಮೇಲೆ, ತನ್ನ ಮುಖಕವಚ ಹಿಡಿದು ಅಭ್ಯಾಸಕ್ಕೆ ಬಂದ. ನನ್ನ ಜೊತೆ ಇವತ್ತಿಗೂ ನಮಸ್ಕಾರದಷ್ಟೇ ಮಾತು.

ಸಿಸ್ಟರ್ ನನ್ನ ಜೊತೆ ಮಾತು ಬಿಡಲಿಲ್ಲ. ಊಟಕ್ಕೆ ಕರೆದರು, ರಶ್ಮಿಯ ರಕ್ತದ ರಿಪೋರ್ಟು ಕೇಳಿದರು, ಸೋಮವಾರ ಆಫೀಸಿಗೆ ಫೋನು ಮಾಡಿದರು. ಆದರೆ ನನ್ನಿಂದ ಖಚಿತವಾಗಿ ಏನಾದರೂ ತಿಳಿಯಬೇಕಾದಾಗ ಜರ್ಮನ್‌ನಲ್ಲಿ ಕೇಳುತ್ತಿದ್ದರು. ಬಸ್ಸು ಎಷ್ಟು ಗಂಟೆಗೆ, ಕಾಗದದಲ್ಲಿ ಏನು ಬರೆದಿದೆ, ಬಾಗಿಲು ಹಾಕಿದಿರಾ. ನಾನೂ ಜರ್ಮನ್‌ನಲ್ಲಿಯೇ ಉತ್ತರ ಕೊಡುತ್ತಿದ್ದೆ. ಒಂದು ದಿನವೂ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಕಳೆದ ಶರತ್ಕಾಲದಲ್ಲಿ ಒಂದು ಫೋಲ್‌ಮಾಖ್ಟ್ ತಂದು ನಮ್ಮ ಮೇಜಿನ ಮೇಲಿಟ್ಟರು. ತಮಗೆ ಕಾಯಿಲೆಯಾದರೆ ತಮ್ಮ ಪರವಾಗಿ ಡಾಕ್ಟರುಗಳ ಜೊತೆ ಮಾತಾಡುವ ಅಧಿಕಾರ ಕೊಡುವ ಪತ್ರ. ಅದರಲ್ಲಿ ನನ್ನ ಹೆಸರು ಬರೆದಿದ್ದರು.

"ನನ್ನನ್ನೇ ಯಾಕೆ ಸಿಸ್ಟರ್?" ಎಂದೆ. ಮಂಗಳೂರಿನಿಂದ ಅವರ ಜೊತೆಯೇ ಬಂದ ಗೆಳತಿಯೊಬ್ಬರು ಕಲೋನ್ ನಗರದಲ್ಲಿ ಇದ್ದರು.

"ನೀವು ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದವರು. ಸಿಕ್ಕಿಬೀಳದವರ ಮೇಲೆ ನನಗೆ ಅನುಮಾನ ಹೆಚ್ಚು. ಸೈನ್ ಹಾಕಿ" ಎಂದರು.

ಜನವರಿಯಲ್ಲಿ ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿಸಿದೆವು. ನಾಲ್ಕನೆಯ ದಿನ ಮಧ್ಯಾಹ್ನ ಡಾಕ್ಟರ್ ನನ್ನನ್ನು ಹೊರಗಿನ ಓಣಿಗೆ ಕರೆದು ಎಲ್ಲ ಹೇಳಿದರು. ಇನ್ನು ಕೆಲವು ವಾರ ಎಂದರು. ರೋಗಿಗೆ ಮೆಲ್ಲಮೆಲ್ಲಗೆ ತಾವೇ ತಿಳಿಸುತ್ತೇವೆ, ಸದ್ಯ ಏನೂ ಹೇಳಬೇಡಿ ಎಂದೂ ಹೇಳಿದರು. ನಾನು ಮುಖ ತೊಳೆದುಕೊಂಡು ಒಳಗೆ ಹೋದೆ. ಸಿಸ್ಟರ್ ದಿಂಬಿಗೆ ಒರಗಿ ಕೂತು ಬಾಗಿಲನ್ನೇ ನೋಡುತ್ತಿದ್ದರು.

"ಡಾಕ್ಟರ್ ಎಂಥ ಹೇಳಿದ್ರು?" ಎಂದು ಕೇಳಿದರು, ಕನ್ನಡದಲ್ಲಿ.

ನಾನು ಮಂಚದ ಪಕ್ಕ ಕೂತು ಹೇಳಿದೆ. ಕಾಯಿಲೆಯ ಹೆಸರು, ಅದು ಎಲ್ಲೆಲ್ಲಿ ಹರಡಿದೆ, ಎಷ್ಟು ದಿನ ಎಂದರು, ಏನು ಹೇಳಬೇಡಿ ಎಂದರು. ಒಂದನ್ನೂ ಬಿಡಲಿಲ್ಲ. ಅವರು ಕೇಳುತ್ತ ನನ್ನ ಮುಖ ನೋಡುತ್ತಿದ್ದರು. ಮುಗಿದ ಮೇಲೆ ಕಣ್ಣು ಮುಚ್ಚಿ, ನನ್ನ ಕೈಯನ್ನು ಎರಡು ಸಲ ತಟ್ಟಿದರು.

"ನೀವು ಹೇಳಿದ್ದು ನಂಬ್ತೇನೆ ಮಾರಾಯ್ರೆ" ಎಂದರು. "ಆ ಡಾಕ್ಟರ್ ಹೇಳಿದ್ದು ನಂಬುದಿಲ್ಲ. ಹೋಗಿ, ಇನ್ನೊಬ್ಬರನ್ನು ಕರ್ಕೊಂಡು ಬನ್ನಿ."